ಶಾಲೆಯಲ್ಲಿ ಗ್ರೂಮಿಂಗ್: ಮಕ್ಕಳಿಗೆ ಪಾಠ ಆಯಿತು, ದೊಡ್ಡವರಿಗೆ ನಿಯಮ ಯಾವಾಗ?

ಉರ್ವದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮಂಗಳೂರಿನ ಒಂದು ಶಾಲೆಯಲ್ಲಿ ಆರನೇ ಕ್ಲಾಸ್. ಮೊನ್ನೆ ಅವರಿಗೆ ಗುಡ್ ಟಚ್, ಬ್ಯಾಡ್ ಟಚ್ ಬಗ್ಗೆ ಒಂದು ಗಂಟೆ ಹೇಳಿಕೊಟ್ಟರು. ಮನೆಗೆ ಬಂದು ನನಗೇ ಪಾಠ ಮಾಡಿದಳು. ಬೇಡ ಅನ್ನಬೇಕು, ಕಿರುಚಬೇಕು, ಓಡಬೇಕು, ಅಮ್ಮನಿಗೆ ಹೇಳಬೇಕು. ಆಮೇಲೆ ಕೇಳಿದಳು: "ಅಮ್ಮ, ಅವರು ತುಂಬ ಒಳ್ಳೆಯವರಾಗಿದ್ರೆ?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ದಾರಿಯಲ್ಲಿ ಸಿಕ್ಕಿದ ಅಪರಿಚಿತನ ಕೈಯಿಂದ ತಪ್ಪಿಸಿಕೊಳ್ಳಲು ಕಿರುಚು ಅಂದರೆ ಸರಿ. ಆದರೆ ತಿಂಗಳುಗಟ್ಟಲೆ ಪ್ರೀತಿಯಿಂದ ಮಾತಾಡಿ, ಮನೆಯವರ ಹತ್ತಿರವೂ ಒಳ್ಳೆಯವನಾಗಿ, ಸ್ವಲ್ಪ ಸ್ವಲ್ಪವೇ ಮಗುವನ್ನು ತನ್ನ ಕಡೆ ಎಳೆದುಕೊಳ್ಳುವವನ ಮುಂದೆ ಹನ್ನೊಂದು ವರ್ಷದ ಮಗು ಹೇಗೆ ಕಿರುಚೀತು? ಗ್ರೂಮಿಂಗ್ ಅಂದರೆ ಅದೇ ಅಲ್ವಾ? ಮಗುವನ್ನು ಕಾಯುವ ಕೆಲಸವನ್ನು ಮಗುವಿಗೇ ವಹಿಸಿ ನಾವು ಕೈ ತೊಳೆದುಕೊಂಡ ಹಾಗೆ ಕಾಣುತ್ತದೆ ನನಗೆ.

ಮುಂದಿನ ಶನಿವಾರ ಶಾಲೆಯಲ್ಲಿ ರಕ್ಷಕ-ಶಿಕ್ಷಕ ಸಂಘದ ಸಭೆ ಉಂಟು. ಅಲ್ಲಿ ಏನು ಕೇಳಬೇಕು? ಯಾವುದು ಕೇಳಿದರೆ ಪ್ರಯೋಜನ? ತಿಳಿದವರು ದಯವಿಟ್ಟು ಬರೆಯಿರಿ.

ನಿರ್ವಾಹಕರು

ಮುಖ್ಯವಾದ ವಿಷಯ. ಒಂದೇ ವಿನಂತಿ. ಯಾವ ಮಗುವಿನ ಹೆಸರು, ಶಾಲೆ, ಮನೆ, ಫೋಟೊ ಯಾವುದನ್ನೂ ಇಲ್ಲಿ ಹಾಕಬೇಡಿ. ಮಗು ಯಾರೆಂದು ಗೊತ್ತಾಗುವ ಸುಳಿವು ಕೂಡ ಬೇಡ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆಯ 23ನೇ ಕಲಂ ಪ್ರಕಾರ ಅದು ಅಪರಾಧ. ಈಗಲೇ ಯಾವುದಾದರೂ ಮಗುವಿಗೆ ಅಪಾಯ ಇದ್ದರೆ ಇಲ್ಲಿ ಬರೆದು ಉತ್ತರಕ್ಕೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ.

ಉಡುಪಿ ಆಪ್ತಸಮಾಲೋಚಕಿ

ಉರ್ವದ ಅಮ್ಮ, ನಿಮ್ಮ ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಮಕ್ಕಳ ಜೊತೆ ಕೆಲಸ ಮಾಡುವವಳು. ಸ್ವಲ್ಪ ಉದ್ದ ಆದರೂ ಬಿಡಿಸಿ ಬರೆಯುತ್ತೇನೆ.

ಪೋಕ್ಸೋ ಪ್ರಕರಣಗಳಲ್ಲಿ ಅತ್ಯಾಚಾರದ ಆರೋಪಿ ಮಗುವಿಗೆ ಪರಿಚಿತನೇ ಆಗಿರುವುದು ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ. ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿಯಲ್ಲಿ ಇದು ವರ್ಷ ವರ್ಷ ಬರುತ್ತದೆ. ಆ ಪರಿಚಯ ಸುಮ್ನೆ ಬೆಳೆದದ್ದಾಗಿರಬೇಕಿಲ್ಲ. ಬೇಕೆಂದೇ ಬೆಳೆಸಿದ್ದೂ ಆಗಿರಬಹುದು.

ಇಂಥವನು ಮೊದಲು ಮಗುವನ್ನು ಆರಿಸಿಕೊಳ್ಳುತ್ತಾನೆ. ಯಾರ ಮನೆಯಲ್ಲಿ ಜಗಳ ಜಾಸ್ತಿ, ಯಾರ ಅಪ್ಪ ಊರಲ್ಲಿಲ್ಲ, ಯಾರಿಗೆ ಕ್ಲಾಸಿನಲ್ಲಿ ಗೆಳೆಯರಿಲ್ಲ, ಯಾರು ಮಾರ್ಕ್ಸ್ ಕಡಿಮೆ ಬಂದು ಹೆದರಿಕೊಂಡಿದ್ದಾರೆ, ಇದೆಲ್ಲ ಒಬ್ಬ ಶಿಕ್ಷಕನಿಗೋ ಕೋಚ್‌ಗೋ ಸುಲಭವಾಗಿ ತಿಳಿಯುತ್ತದೆ. ಮತ್ತೆ ಆ ಮಗುವಿನ ಮೇಲೆ ವಿಶೇಷ ಅಕ್ಕರೆ. "ನಿನ್ನಲ್ಲಿ ಏನೋ ಉಂಟು, ಬೇರೆಯವರಿಗೆ ಗೊತ್ತಿಲ್ಲ" ಎಂಬಂಥ ಮಾತು. ಸಣ್ಣ ಉಡುಗೊರೆ. ಫ್ಯಾನ್ಸಿ ಡ್ರೆಸ್‌ನಲ್ಲಿ ಮುಖ್ಯ ಪಾತ್ರ, ಟೀಮಿನಲ್ಲಿ ಜಾಗ. ಮಗುವಿಗೆ ಇದರಲ್ಲಿ ಕೆಟ್ಟದ್ದು ಏನೂ ಕಾಣುವುದಿಲ್ಲ. ನಮಗೂ ಕಾಣುವುದಿಲ್ಲ.

ಇದೇ ಹೊತ್ತಿಗೆ ಮನೆಯವರ ಮೇಲೂ ಕೆಲಸ ನಡೆಯುತ್ತಿರುತ್ತದೆ. ಇದನ್ನು ಜನ ಗಮನಿಸುವುದು ಕಡಿಮೆ. ಮನೆಗೆ ಬರುತ್ತಾನೆ, ಅಜ್ಜಿಯ ಮಂಡಿನೋವು ವಿಚಾರಿಸುತ್ತಾನೆ, ಫೀಸ್ ಕಟ್ಟಲು ಸಹಾಯ ಮಾಡುತ್ತಾನೆ. ಶಾಲೆಯ ವಾರ್ಷಿಕೋತ್ಸವಕ್ಕೆ ಎಲ್ಲರಿಗಿಂತ ಜಾಸ್ತಿ ದುಡಿಯುವವನೂ ಅವನೇ. ಹೀಗಾಗಿ ನಾಳೆ ಮಗು ಬಾಯಿ ಬಿಟ್ಟರೂ "ಅವರಾ? ಛೆ, ಸಾಧ್ಯವೇ ಇಲ್ಲ" ಎಂದು ಎಲ್ಲರೂ ಹೇಳುವ ಸ್ಥಿತಿ ಮೊದಲೇ ತಯಾರಾಗಿರುತ್ತದೆ.

ಆಮೇಲೆ ಬರುವುದು ಸಣ್ಣ ಗುಟ್ಟು, ಒಂಟಿಯಾಗಿ ಸಿಗುವ ಸಂದರ್ಭ, ಮತ್ತೆ ಸ್ಪರ್ಶ. ತಲೆ ಸವರುವುದು, ಬೆನ್ನು ತಟ್ಟುವುದು, ಕಚಗುಳಿ, ಮಡಿಲಲ್ಲಿ ಕೂರಿಸಿಕೊಳ್ಳುವುದು. ಬೇರೆಯವರ ಎದುರಿಗೇ ಮಾಡುತ್ತಾನೆ. ಯಾರೂ ಏನೂ ಅನ್ನದಿದ್ದರೆ ಮಗುವಿಗೆ ಅದು ಸಹಜ ಅನಿಸುತ್ತದೆ. ಕೊಳಕು ಜೋಕು, ಫೋನಿನಲ್ಲಿ ವಿಡಿಯೊ ತೋರಿಸುವುದು, ಇವೂ ಮಗುವಿನ ಸಂಕೋಚವನ್ನು ತೆಗೆಯುವ ದಾರಿಗಳೇ. ದೌರ್ಜನ್ಯ ಶುರುವಾದ ಮೇಲೆ ಭಾಷೆ ಬದಲಾಗುತ್ತದೆ. "ನೀನೂ ಒಪ್ಪಿದ್ದೆ ಅಲ್ವಾ", "ಹೇಳಿದ್ರೆ ನನ್ನ ಕೆಲಸ ಹೋಗ್ತದೆ", "ನಿನ್ನ ಅಮ್ಮ ತಡ್ಕೊಳ್ಳಲ್ಲ". ಮಗು ಅಪರಾಧವನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ಸುಮ್ಮನಾಗುತ್ತದೆ.

ಅವನು ಎಂದು ಬರೆಯುತ್ತಿದ್ದೇನೆ. ಹೆಂಗಸರೂ ಇದ್ದಾರೆ. ದೊಡ್ಡ ಕ್ಲಾಸಿನ ಮಕ್ಕಳು ಸಣ್ಣವರಿಗೆ ಹೀಗೆ ಮಾಡುವುದೂ ಉಂಟು.

ಕದ್ರಿ ಅಪ್ಪ

ಮೇಡಂ ಬರೆದ ಸಣ್ಣ ಗುಟ್ಟಿನ ವಿಷಯಕ್ಕೆ ನಾನು ಕಂಡದ್ದು ಹೇಳುತ್ತೇನೆ. ನನ್ನ ಮಗ ಒಂದು ಕಡೆ ಆಟದ ತರಬೇತಿಗೆ ಹೋಗುತ್ತಿದ್ದ. ಸಂಜೆ ಮುಗಿದ ಮೇಲೆ ಕೋಚ್ ಅವನನ್ನು ಸ್ಕೂಟರಿನಲ್ಲಿ ಮನೆಗೆ ಬಿಡಲು ಶುರು ಮಾಡಿದರು. ನಮಗೆ ಉಪಕಾರವೇ ಆಯಿತು. ನನ್ನ ಡ್ಯೂಟಿ ಮುಗಿಯುವುದು ಎಂಟಕ್ಕೆ.

ಒಂದು ದಿನ ಮಗನ ಬಿಳಿ ಜೆರ್ಸಿಯ ಎದೆಯ ಮೇಲೆ ಕೆಂಪು ಕಲೆ. ಜೆಲ್ಲಿಯ ಬಣ್ಣ. ಎಂತದು ಅಂತ ಕೇಳಿದರೆ ಬಾಯಿ ಬಿಡಲಿಲ್ಲ. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದ. ರಾತ್ರಿ ಅವನ ಅಮ್ಮನ ಹತ್ತಿರ ಹೇಳಿದ. ಸರ್ ಗಡ್‌ಬಡ್ ಕೊಡಿಸಿದ್ದಾರೆ, "ಮನೆಯಲ್ಲಿ ಹೇಳ್ಬೇಡ, ಶೀತ ಆಗ್ತದೆ ಅಂತ ಬೈತಾರೆ, ಇದು ನಮ್ಮಿಬ್ಬರ ಸೀಕ್ರೆಟ್" ಎಂದಿದ್ದಾರೆ. ಟೀಮಿನ ಬೇರೆ ಯಾರಿಗೂ ಕೊಡಿಸಿಲ್ಲ.

ಒಂದು ಐಸ್‌ಕ್ರೀಮಿಗೆ ಏನು ದೊಡ್ಡ ವಿಷಯ ಅಂತ ನನ್ನ ಅಣ್ಣ ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಐಸ್‌ಕ್ರೀಮ್ ಕೊಡಿಸಿದ್ದು ತೊಂದರೆ ಇಲ್ಲ, ಹೇಳ್ಬೇಡ ಅಂದದ್ದು ಯಾಕೆ ಎಂದು ಕೇಳಿದಳು. ಮರುದಿನದಿಂದ ಮಗನನ್ನು ಕರೆತರಲು ಮೈದುನನೇ ಹೋದ. ಕೋಚ್ ಹತ್ತಿರ ಜಗಳ ಮಾಡಲಿಲ್ಲ. ಇನ್ನು ನಾವೇ ಕರಕೊಂಡು ಹೋಗ್ತೇವೆ, ಅವನಿಗೆ ಏನು ಕೊಡಿಸಿದರೂ ನಮಗೆ ತಿಳಿಸಿ ಅಂದೆವು. ಒಂದೆರಡು ವಾರದಲ್ಲಿ ಅವರು ಇನ್ನೊಬ್ಬ ಹುಡುಗನನ್ನು ಸ್ಕೂಟರಿನಲ್ಲಿ ಬಿಡಲು ಶುರು ಮಾಡಿದರು. ಆಗ ನಮಗೆ ಸುಮ್ಮನಿರಲು ಮನಸ್ಸು ಬರಲಿಲ್ಲ. ಆ ಹುಡುಗನ ಮನೆಗೆ ಹೋಗಿ ಎಲ್ಲ ಹೇಳಿದೆವು. ತರಬೇತಿ ನಡೆಸುವವರಿಗೂ ಬರೆದು ಕೊಟ್ಟೆವು.

ಹುಡುಗರ ತಂದೆ-ತಾಯಿ ಇದನ್ನು ಹೆಣ್ಣುಮಕ್ಕಳ ವಿಷಯ ಅಂತ ಬಿಡಬೇಡಿ.

ಉಡುಪಿ ಆಪ್ತಸಮಾಲೋಚಕಿ

ನಿಮ್ಮ ಮನೆಯವರಿಗೆ ನಮಸ್ಕಾರ. ಅವರು ಹಿಡಿದದ್ದೇ ಸರಿ. ಆ ಗುಟ್ಟು ಒಂದು ಪರೀಕ್ಷೆ ಆಗಿರಬಹುದು. ಮಗು ಇದನ್ನು ಮನೆಯಲ್ಲಿ ಹೇಳುತ್ತದೋ ಇಲ್ಲವೋ ಎಂದು ನೋಡುವುದು. ಹೇಳದಿದ್ದರೆ ಇನ್ನೂ ಒಂದು ಹೆಜ್ಜೆ.

ಹುಡುಗರ ಬಗ್ಗೆ ಒಂದು ಮಾತು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,000ಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿ ಒಂದು ಅಧ್ಯಯನ ಪ್ರಕಟಿಸಿತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಎಂದವರು ಶೇ. 53. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರು. ನಮ್ಮ ಶಾಲೆಗಳಲ್ಲಿ ಈ ಪಾಠಕ್ಕೆ ಹುಡುಗಿಯರನ್ನು ಮಾತ್ರ ಕೂರಿಸಿ ಹುಡುಗರನ್ನು ಆಟಕ್ಕೆ ಕಳಿಸುವುದು ಇನ್ನೂ ನಡೆಯುತ್ತದೆ. ಇದು ನಿಲ್ಲಬೇಕು.

ಮನೆಯಲ್ಲಿ ಮಕ್ಕಳಿಗೆ ಒಂದು ವಿಷಯ ಹೇಳಿಕೊಡಿ. ಹುಟ್ಟುಹಬ್ಬಕ್ಕೆ ಕೇಕ್ ತರುವುದು ಸರ್‌ಪ್ರೈಸ್, ಅದು ಎಲ್ಲರಿಗೂ ಗೊತ್ತಾಗುವ ದಿನ ಬರುತ್ತದೆ. ಯಾವತ್ತೂ ಹೇಳಬಾರದು ಎಂದು ದೊಡ್ಡವರು ಹೇಳಿದರೆ ಅದನ್ನು ಹೇಳಲೇಬೇಕು. ಹೇಳಿದ್ದಕ್ಕೆ ಬೈಯುವುದಿಲ್ಲ ಅಂತ ಮಾತು ಕೊಡಿ. ಆ ಮಾತನ್ನು ಉಳಿಸಿಕೊಳ್ಳುವುದು ಕಷ್ಟ. ಮಗು ಏನೋ ಮುರಿದು ಹಾಕಿ ಬಂದು ಹೇಳಿದ ದಿನ ನೀವು ಹೇಗೆ ನಡೆದುಕೊಂಡಿರಿ ಎಂಬುದನ್ನು ಅದು ನೆನಪಿಟ್ಟುಕೊಂಡಿರುತ್ತದೆ.

ಕಾರ್ಕಳ ಟೀಚರ್

ಇದನ್ನೆಲ್ಲ ಓದುವಾಗ ನನಗೆ ಸ್ವಲ್ಪ ನೋವಾಯಿತು. ಸರ್ಕಾರಿ ಶಾಲೆಯಲ್ಲಿದ್ದೇನೆ. ಮಗುವಿಗೆ ಪೆನ್ ಇಲ್ಲದಿದ್ದರೆ ನಾನೇ ತಂದು ಕೊಡುತ್ತೇನೆ. ಅಮ್ಮ ಆಸ್ಪತ್ರೆಯಲ್ಲಿದ್ದ ಹುಡುಗಿಗೆ ತಿಂಗಳಿಡೀ ಬುತ್ತಿ ಕಟ್ಟಿದ್ದೇನೆ. ಅತ್ತ ಮಗುವಿನ ತಲೆ ಸವರಿದ್ದೇನೆ. ಇದೆಲ್ಲ ಗ್ರೂಮಿಂಗ್ ಅಂತ ಆದರೆ ನಾವು ಮಕ್ಕಳ ಹತ್ತಿರ ಹೋಗುವುದು ಹೇಗೆ? ನಮ್ಮ ಕಡೆಯ ಮಕ್ಕಳಿಗೆ ಮನೆಯಲ್ಲಿ ಸಿಗದ ಪ್ರೀತಿ ಎಷ್ಟೋ ಸಲ ಶಾಲೆಯಲ್ಲೇ ಸಿಗುವುದು.

ಉರ್ವದ ಅಮ್ಮ

ಟೀಚರ್, ನಿಮ್ಮಂಥವರು ಜಾಸ್ತಿ ಆಗಬೇಕು. ಆದರೆ ಒಂದು ಕೇಳುತ್ತೇನೆ, ಬೇಜಾರು ಮಾಡಬೇಡಿ. ಬುತ್ತಿ ಕಟ್ಟಿದ್ದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು ಅಲ್ವಾ? ಹುಡುಗಿಯ ಅಪ್ಪನಿಗೂ ಗೊತ್ತಿತ್ತು?

ಕಾರ್ಕಳ ಟೀಚರ್

ಎಲ್ಲರಿಗೂ ಗೊತ್ತಿತ್ತು. ಹೆಡ್ ಮಾಸ್ಟ್ರು ಒಂದೆರಡು ಸಲ ಅವರ ಮನೆಯಿಂದಲೂ ತಂದರು.

ಉಡುಪಿ ಆಪ್ತಸಮಾಲೋಚಕಿ

ಟೀಚರ್, ನೀವು ಮಾಡಿದ್ದು ಹತ್ತು ಜನರ ಎದುರಿಗೆ ಆಯಿತು. ಬೇರೆಯವರೂ ಕೈ ಜೋಡಿಸಿದರು. ಗ್ರೂಮಿಂಗ್ ಮಾಡುವವನಿಗೆ ಇದು ಆಗದು. ಎದುರಿಗೆ ಎಷ್ಟೇ ಒಳ್ಳೆಯವನಾಗಿ ಕಂಡರೂ ಮಗುವಿನ ಜೊತೆ ಒಂಟಿಯಾಗಿರುವಾಗ ಅವನಿಗೆ ಬೇರೆಯವರ ಕಣ್ಣು ಬೇಡ. ಹಾಗಾಗಿ ಯಾರ ಮನಸ್ಸಿನಲ್ಲಿ ಏನಿದೆ ಎಂದು ಹುಡುಕುತ್ತಾ ಕೂರಬೇಕಾಗಿಲ್ಲ. ನಡವಳಿಕೆಗೆ ನಿಯಮ ಹಾಕಿದರೆ ಸಾಕು, ಎಲ್ಲರಿಗೂ ಒಂದೇ ನಿಯಮ. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬ ಮಗುವಿನ ಜೊತೆ ಇರಬಾರದು. ಮಕ್ಕಳಿಗೆ ಖಾಸಗಿಯಾಗಿ ವಾಟ್ಸಾಪ್ ಮಾಡಬಾರದು. ಏನಿದ್ದರೂ ಪೋಷಕರಿರುವ ಗುಂಪಿನಲ್ಲಿ. ಉಡುಗೊರೆ ಕೊಟ್ಟರೆ ಹೆಡ್ ಮಾಸ್ಟ್ರಿಗೆ ತಿಳಿದಿರಬೇಕು. ಒಳ್ಳೆಯ ಶಿಕ್ಷಕರಿಗೆ ಇದರಿಂದ ನಷ್ಟವೇನೂ ಇಲ್ಲ. ಸುಳ್ಳು ಆರೋಪದಿಂದಲೂ ರಕ್ಷಣೆ. ನಿಯಮ ಇದ್ದ ಕಡೆ ಯಾರಾದರೂ ಅದನ್ನು ಮತ್ತೆ ಮತ್ತೆ ಮುರಿದರೆ ಆಗಲೇ ಕಣ್ಣಿಗೆ ಬೀಳುತ್ತದೆ. ದೌರ್ಜನ್ಯ ಆಗುವ ಮೊದಲೇ ಕೇಳಬಹುದು: "ಸರ್, ಬಾಗಿಲು ಯಾಕೆ ಹಾಕಿದ್ರಿ?"

ಸುರತ್ಕಲ್ ವ್ಯಾನ್

ನಾನು ಶಾಲಾ ವ್ಯಾನ್ ಓಡಿಸುವವನು. ಮಕ್ಕಳು ವ್ಯಾನ್ ಮಾಮ ಅಂತ ಕರೆಯುತ್ತಾರೆ. ಓದು ಕಡಿಮೆ, ತಪ್ಪಿದ್ದರೆ ತಿದ್ದಿ.

ನಮ್ಮ ರೂಟಿನಲ್ಲಿ ಕೊನೆಗೆ ಇಳಿಯುವುದು ಯುಕೆಜಿಯ ಒಂದು ಹುಡುಗಿ. ಅವಳ ಮೊದಲಿನ ಸ್ಟಾಪಿನಿಂದ ಅವಳ ಮನೆಗೆ ಕಾಲು ಗಂಟೆ ಬೇಕು. ಮಳೆಗಾಲದಲ್ಲಿ ಜಾಸ್ತಿ. ಆ ಹೊತ್ತು ವ್ಯಾನಿನಲ್ಲಿ ನಾನು ಮತ್ತು ಅವಳು ಮಾತ್ರ. ಯಾರೂ ನನ್ನನ್ನು ಕೇಳಿದ್ದಿಲ್ಲ. ನನಗೇ ಸರಿ ಕಾಣಲಿಲ್ಲ, ನನಗೂ ಮಗಳಿದ್ದಾಳೆ. ಆಯಾ ಇಡಲು ದುಡ್ಡು ಬೇಕು ಅಂದರು. ಆಗ ಅದೇ ಕಡೆಯ ಅಕ್ಕ-ತಮ್ಮ ಇಬ್ಬರು ಮಕ್ಕಳ ಸ್ಟಾಪನ್ನು ಕೊನೆಗೆ ಹಾಕಿದೆ. ಹುಡುಗಿ ಮೊದಲೇ ಇಳಿಯುತ್ತಾಳೆ. ಡೀಸೆಲ್ ಸ್ವಲ್ಪ ಜಾಸ್ತಿ ಹೋಗುತ್ತದೆ, ಹೋಗಲಿ.

ಪೋಷಕರು ಫೀಸ್ ಎಷ್ಟು, ಎಸಿ ಉಂಟಾ ಅಂತ ಕೇಳುತ್ತಾರೆ. ಕೊನೆಗೆ ಇಳಿಯುವ ಮಗು ಯಾರು, ಆಗ ಜೊತೆಗೆ ಯಾರಿರುತ್ತಾರೆ ಅಂತಲೂ ಕೇಳಿ.

ಕುಂದಾಪುರ ಮೂಲ, ಈಗ ಕುವೈತ್

ಒಂದು ಭಿನ್ನಾಭಿಪ್ರಾಯ. ಎಲ್ಲದಕ್ಕೂ ಪೊಲೀಸ್, ಕೇಸ್ ಅಂತ ಹೋದರೆ ಮಗುವಿನ ಹೆಸರು ಊರಿಡೀ ಆಗುತ್ತದೆ. ನಮ್ಮೂರು ಸಣ್ಣದು. ಹೆಣ್ಣುಮಗುವಾದರೆ ನಾಳೆ ಮದುವೆ ವಿಷಯ ಬರುತ್ತದೆ. ಶಾಲೆಯ ಸಂಚಾಲಕರು, ಊರಿನ ನಾಲ್ಕು ಹಿರಿಯರು ಕೂತು ಅವನನ್ನು ಕೆಲಸದಿಂದ ತೆಗೆದರೆ ಸಾಕಾಗುವುದಿಲ್ಲವೇ? ಸುಳ್ಳು ದೂರಿನ ಭಯವೂ ಉಂಟು. ಮಕ್ಕಳ ಮೇಲಿನ ಕಾಳಜಿಯಿಂದಲೇ ಕೇಳುತ್ತಿದ್ದೇನೆ.

ಉಡುಪಿ ವಕೀಲೆ

ಈ ಪ್ರಶ್ನೆ ನನ್ನ ಹತ್ತಿರವೂ ಬರುತ್ತದೆ. ಕಾನೂನು ಏನು ಹೇಳುತ್ತದೆ ಅಂತ ಬರೆಯುತ್ತೇನೆ.

ಪೋಕ್ಸೋ 2012ರ ಕಾಯ್ದೆ. ಅದೇ ವರ್ಷ ನವೆಂಬರ್ 14ಕ್ಕೆ ಜಾರಿಗೆ ಬಂತು. 18 ತುಂಬದ ಎಲ್ಲರೂ ಮಕ್ಕಳೇ, ಗಂಡು ಹೆಣ್ಣು ಭೇದ ಇಲ್ಲ. 19ನೇ ಕಲಂ ಪ್ರಕಾರ ಅಪರಾಧ ಆಗಿದೆ ಎಂದು ತಿಳಿದವರು, ಆಗಬಹುದೆಂಬ ಆತಂಕ ಇರುವವರು ಕೂಡ, ಪೊಲೀಸರಿಗೆ ತಿಳಿಸಲೇಬೇಕು. ಶಿಕ್ಷಕರು, ವೈದ್ಯರು, ನೆರೆಮನೆಯವರು, ಎಲ್ಲರಿಗೂ ಇದು ಅನ್ವಯ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಆಗಬಹುದು. ತನ್ನ ಕೈಕೆಳಗಿನವನ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಅಂದರೆ ಸಂಚಾಲಕರು ಮತ್ತು ಹಿರಿಯರು ಕೂತು ರಾಜಿ ಮಾಡಿ ಮುಗಿಸಿದರೆ ಅದೂ ಅಪರಾಧ. ಶಾಲೆ ಮೊದಲು ತಾನೇ ವಿಚಾರಣೆ ಮಾಡಿ, ಖಚಿತ ಮಾಡಿಕೊಂಡು ಆಮೇಲೆ ಹೇಳುತ್ತೇನೆ ಎನ್ನುವಂತಿಲ್ಲ. ದೂರು ನೀಡದಿರುವುದು ಗಂಭೀರ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಸುಳ್ಳು ದೂರಿಗೆ 22ನೇ ಕಲಂನಲ್ಲಿ ಶಿಕ್ಷೆ ಉಂಟು. ಆದರೆ ದುರುದ್ದೇಶ ಇದ್ದರೆ ಮಾತ್ರ. ಪ್ರಾಮಾಣಿಕವಾಗಿ ತಿಳಿಸಿದವರಿಗೆ ರಕ್ಷಣೆ ಇದೆ. ಮಗುವಿಗಂತೂ ಶಿಕ್ಷೆ ಇಲ್ಲವೇ ಇಲ್ಲ.

ಊರಿಡೀ ಸುದ್ದಿ ಆಗುವ ಭಯ ನನಗೆ ಅರ್ಥವಾಗುತ್ತದೆ. ಅದಕ್ಕಾಗಿಯೇ ಕಾಯ್ದೆಯಲ್ಲಿ ಹಲವು ಏರ್ಪಾಡು ಇವೆ. ಮಗುವನ್ನು ಠಾಣೆಗೆ ಕರೆದುಕೊಂಡು ಹೋಗಬೇಕಾಗಿಲ್ಲ. ಮನೆಯಲ್ಲೋ ಮಗುವಿಗೆ ಇಷ್ಟವಾದ ಜಾಗದಲ್ಲೋ ಹೇಳಿಕೆ ಪಡೆಯುತ್ತಾರೆ. ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಬರಬೇಕು, ಸಮವಸ್ತ್ರದಲ್ಲಿ ಬರುವಂತಿಲ್ಲ. ಹೆಣ್ಣುಮಗುವಿನ ತಪಾಸಣೆ ವೈದ್ಯೆಯೇ ಮಾಡಬೇಕು, ಅಪ್ಪ ಅಮ್ಮ ಅಥವಾ ಮಗು ನಂಬುವ ಯಾರಾದರೂ ಜೊತೆಗಿರಬೇಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಕೋರ್ಟಿನಲ್ಲಿ ಆರೋಪಿ ಮಗುವಿನ ಕಣ್ಣಿಗೆ ಬೀಳದ ಹಾಗೆ ಸಾಕ್ಷ್ಯ ಪಡೆಯುತ್ತಾರೆ. ಒಂದು ವರ್ಷದೊಳಗೆ ಮುಗಿಸಲು ಸಾಧ್ಯವಾದಷ್ಟು ಪ್ರಯತ್ನಿಸಬೇಕು ಅಂತಲೂ ಇದೆ. ಎಲ್ಲ ಕಡೆ ಎಲ್ಲವೂ ಹೀಗೆಯೇ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ನಡೆಯದಿದ್ದರೆ ಕೇಳುವ ಹಕ್ಕು ನಿಮಗಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ಸಹಾಯ ಸಿಗುತ್ತದೆ.

ಶಾಲೆಯ ಸಿಬ್ಬಂದಿಯೇ ಅಪರಾಧಿಯಾದರೆ ಶಿಕ್ಷೆ ಜಾಸ್ತಿ. ಲೈಂಗಿಕ ಉದ್ದೇಶದಿಂದ ಮುಟ್ಟಿದ್ದಕ್ಕೆ ಕನಿಷ್ಠ 5 ವರ್ಷ, ಅತ್ಯಾಚಾರಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ 20 ವರ್ಷ. ಇನ್ನು ಮುಟ್ಟುವ ಹಂತಕ್ಕೆ ಬಾರದಿದ್ದರೂ ಕಾನೂನು ಕೈಕಟ್ಟಿ ಕೂರುವುದಿಲ್ಲ. ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇ ಪದೇ ಹಿಂಬಾಲಿಸುವುದು, ಫೋನಿನಲ್ಲಿ ಸಂಪರ್ಕಿಸುವುದು, ಅಶ್ಲೀಲ ಚಿತ್ರ ತೋರಿಸುವುದು 11ನೇ ಕಲಂನಲ್ಲಿ ಬರುತ್ತದೆ. ಮೂರು ವರ್ಷದವರೆಗೆ ಜೈಲು. ಲೈಂಗಿಕ ಕೃತ್ಯಕ್ಕಾಗಿ ಆನ್‌ಲೈನ್‌ನಲ್ಲಿ ಮಗುವಿನ ಜೊತೆ ಸಂಬಂಧ ಬೆಳೆಸಿ ಪುಸಲಾಯಿಸುವುದನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ನೇರವಾಗಿ ಅಪರಾಧ ಎನ್ನುತ್ತದೆ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ.

ನಿವೃತ್ತ ಶಿಕ್ಷಕಿ, ಮೂಲ್ಕಿ

ಕುವೈತಿನ ತಮ್ಮನಿಗೆ ಒಂದು ಮಾತು. ಕೆಲಸದಿಂದ ತೆಗೆದರೆ ಸಾಕಲ್ಲವೇ ಅಂದಿರಿ. ಸಾಕಾಗುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹಾಗೇ ಆಯಿತು. ಹೆಸರು ಬೇಡ. ಸಿಬ್ಬಂದಿಯಲ್ಲಿ ಒಬ್ಬರ ಬಗ್ಗೆ ಮಕ್ಕಳು ಗುಸುಗುಸು ಮಾತಾಡುತ್ತಿದ್ದರು. ಇಬ್ಬರು ತಾಯಂದಿರು ಬಂದು ಅತ್ತರು. ಆಡಳಿತದವರು ಅವರನ್ನು ಕರೆಸಿ ರಾಜೀನಾಮೆ ಬರೆಸಿಕೊಂಡರು. ಶಾಲೆಯ ಹೆಸರು ಉಳಿಯಿತು ಅಂತ ಎಲ್ಲರಿಗೂ ಸಮಾಧಾನ. ಸ್ಟಾಫ್ ರೂಮಿನಲ್ಲಿ ಹಾರ ಹಾಕಿ, ಕಾಫಿ ಕೊಟ್ಟು, ನಡತೆ ಉತ್ತಮ ಎಂಬ ಸರ್ಟಿಫಿಕೇಟನ್ನೂ ಕೈಗಿತ್ತರು. ನಾನು ಆ ಕೋಣೆಯಲ್ಲೇ ಇದ್ದೆ. ಆ ಟೈಪ್ ಮಾಡಿದ ಹಾಳೆಯ ಮೇಲೆ ಶಾಲೆಯ ನೀಲಿ ಸೀಲು, ಇನ್ನೂ ಒದ್ದೆ ಇತ್ತು. ಜೂನ್‌ನಲ್ಲಿ ಅವರು ಬೇರೆ ತಾಲೂಕಿನ ಶಾಲೆಗೆ ಸೇರಿದರು. ಅಲ್ಲಿ ಹಾಸ್ಟೆಲೂ ಇತ್ತು. ಆಗ ಪೋಕ್ಸೋ ಬಂದಿರಲಿಲ್ಲ. ಈಗ ಬಂದಿದೆ. ಆದರೂ ಈ ಅಭ್ಯಾಸ ಪೂರ್ತಿ ಹೋಗಿದೆ ಅಂತ ನನಗೆ ನಂಬಿಕೆ ಇಲ್ಲ.

ಮದುವೆ ವಿಷಯ ಅಂದಿರಿ. ಆ ಹಾಸ್ಟೆಲಿನ ಮಕ್ಕಳಿಗೂ ಮದುವೆ, ಬದುಕು ಎಲ್ಲ ಇಲ್ಲವೇ?

ಹೊಸಬರನ್ನು ಸೇರಿಸುವಾಗ ಹಿಂದಿನ ಶಾಲೆಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಇವರನ್ನು ನೀವು ಮತ್ತೆ ಮಕ್ಕಳ ಮಧ್ಯೆ ಕೆಲಸಕ್ಕೆ ಇಟ್ಟುಕೊಳ್ಳುತ್ತೀರಾ?" ಆ ಕಡೆಯವರು ಎಷ್ಟು ಹೊತ್ತು ಸುಮ್ಮನಾಗುತ್ತಾರೆ ನೋಡಿ.

ಕುಂದಾಪುರ ಮೂಲ, ಈಗ ಕುವೈತ್

ಅಕ್ಕ, ನೀವು ಹೇಳಿದ್ದು ಸರಿ. ಮುಂದಿನ ಶಾಲೆಯ ಮಕ್ಕಳ ಕಡೆಯಿಂದ ನೋಡಿದರೆ ಉತ್ತರವೇ ಬೇರೆ.

ಉಡುಪಿ ವಕೀಲೆ

ಸೇರಿಸುತ್ತೇನೆ. 2020ರ ಪೋಕ್ಸೋ ನಿಯಮಗಳಲ್ಲಿ 3ನೇ ನಿಯಮ ಓದಿ. ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಬೇಕು, ಆಗಾಗ ಮತ್ತೆ ಆಗಬೇಕು. ಗುತ್ತಿಗೆಯವರು, ಬೋಧಕೇತರರು ಎಲ್ಲರೂ ಸೇರಿ. ಕ್ರೀಡಾ ಅಕಾಡೆಮಿಗಳಿಗೂ ಇದೇ. ಸಿಬ್ಬಂದಿಗೆ ತರಬೇತಿಯೂ ಕಡ್ಡಾಯ. ಇಷ್ಟಾದರೂ ಒಂದು ಮಿತಿ ಇದೆ. ರಾಜೀನಾಮೆ ಬರೆಸಿ ಕಳಿಸಿದವರ ಮೇಲೆ ಕೇಸೇ ಇರುವುದಿಲ್ಲ. ಪೊಲೀಸ್ ದಾಖಲೆಯಲ್ಲಿ ಅವರು ಸ್ವಚ್ಛ. ಆದ್ದರಿಂದ ಮೂಲ್ಕಿ ಟೀಚರ್ ಹೇಳಿದ ಫೋನ್ ಬಹಳ ಮುಖ್ಯ.

ತೊಕ್ಕೊಟ್ಟು ತಾಯಿ

ನನ್ನ ಗಂಡ ಗಲ್ಫಿನಲ್ಲಿ. ಇಬ್ಬರು ಮಕ್ಕಳು, ಅತ್ತೆ, ನಾನು. ನಮ್ಮಂಥ ಮನೆ ಈ ಕಡೆ ಎಷ್ಟು ಉಂಟು ಅಂತ ನಿಮಗೆಲ್ಲ ಗೊತ್ತು. ಸಹಾಯ ಮಾಡಲು ಬಂದವರಿಗೆಲ್ಲ ನಾವು ಋಣಿ. ಹಾಗಾಗಿ ಬೇಡ ಅನ್ನಲು ಬಾಯಿ ಬರುವುದಿಲ್ಲ.

ದೊಡ್ಡವನು ಎಂಟನೇ ಕ್ಲಾಸ್. ಮೊಬೈಲ್ ಗೇಮಿನಲ್ಲಿ ಒಬ್ಬ ಅಣ್ಣ ಪರಿಚಯ ಆಗಿದ್ದ. ಗೇಮಿಗೆ ಬೇಕಾದ್ದು ದುಡ್ಡು ಕೊಟ್ಟು ತೆಗೆದುಕೊಡುತ್ತಿದ್ದ. ಮತ್ತೆ ಗೇಮಿನ ಚಾಟ್ ಬಿಟ್ಟು ಇನ್‌ಸ್ಟಾಗ್ರಾಮ್‌ಗೆ ಬಾ ಅಂದ. ಅಲ್ಲಿ ಅವನ ಮೆಸೇಜ್ ಓದಿದ ಮೇಲೆ ತಾನಾಗಿ ಅಳಿಸಿಹೋಗುತ್ತಿತ್ತು. ಶರ್ಟ್ ಇಲ್ಲದ ಫೋಟೊ ಕೇಳಿದಾಗ ನನ್ನ ಮಗ ಹೆದರಿ ನನಗೆ ತೋರಿಸಿದ. ನಾನು ಏನು ಮಾಡಬೇಕಿತ್ತು ಅಂತ ಈಗಲಾದರೂ ಹೇಳಿ. ಸಿಟ್ಟಲ್ಲಿ ಎಲ್ಲ ಡಿಲೀಟ್ ಮಾಡಲು ಹೊರಟಾಗ ನನ್ನ ತಮ್ಮ ತಡೆದ.

ಉಡುಪಿ ವಕೀಲೆ

ತಮ್ಮ ತಡೆದದ್ದು ಒಳ್ಳೆಯದಾಯಿತು. ಅಳಿಸಬೇಡಿ. ಆ ಖಾತೆಯ ಹೆಸರು, ಮೆಸೇಜ್, ದಿನ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಡಿ, ಫೋನನ್ನು ಹಾಗೇ ಪೊಲೀಸರಿಗೆ ತೋರಿಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಮಗುವಿನ ನಗ್ನ ಚಿತ್ರ ಏನಾದರೂ ಇದ್ದರೆ ಅದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಸಾಕ್ಷಿಗೆ ಅಂತಲೂ ಸಂಬಂಧಿಕರಿಗೆ, ಶಾಲೆಯ ಗುಂಪಿಗೆ ಕಳಿಸಬೇಡಿ. ಹಂಚುವುದೇ ಅಪರಾಧ.

ಮತ್ತೆ, ಮಗನಿಂದ ಮೊಬೈಲ್ ಕಿತ್ತುಕೊಂಡು ಶಿಕ್ಷಿಸಬೇಡಿ. ಹೇಳಿದ್ದಕ್ಕೆ ಶಿಕ್ಷೆ ಸಿಕ್ಕಿದರೆ ಮುಂದಿನ ಸಲ ಹೇಳುವುದಿಲ್ಲ.

ಮಣಿಪಾಲ, ಕೊನೇ ವರ್ಷ

ಇಷ್ಟು ಹೊತ್ತು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ನಾನು ಹೈಸ್ಕೂಲಿನಲ್ಲಿರುವಾಗ ನನಗೆ ಹೀಗೆ ಆಗಿದೆ. ವಿವರ ಬರೆಯುವುದಿಲ್ಲ. ದೊಡ್ಡವರಿಗೆ ಗೊತ್ತಿರಲಿ ಅಂತ ಎರಡು ವಿಷಯ.

ನನಗೆ ಅವರು ಇಷ್ಟ ಇದ್ದರು. ಅದೇ ನನ್ನ ಬಾಯಿ ಕಟ್ಟಿದ್ದು. ಎಲ್ಲರೂ ರಾಕ್ಷಸನ ಕತೆ ಹೇಳುತ್ತಿದ್ದರು, ಅವರು ರಾಕ್ಷಸನ ಹಾಗೆ ಇರಲಿಲ್ಲ. ನನ್ನ ಭಾಷಣ ತಿದ್ದಿಕೊಟ್ಟವರು, ನನಗೆ ಮೊದಲ ಬಹುಮಾನ ಬರುವ ಹಾಗೆ ಮಾಡಿದವರು. ಹಾಗಾಗಿ ತಪ್ಪು ನನ್ನದೇ ಇರಬೇಕು ಅಂದುಕೊಂಡಿದ್ದೆ.

ಇನ್ನೊಂದು, ನಾನು ಹೇಳಲು ಪ್ರಯತ್ನಿಸಿದ್ದೆ. "ನಂಗೆ ಆ ಕ್ಲಾಸಿಗೆ ಹೋಗೋದು ಬೇಡ" ಅಂತ. ಸೋಮಾರಿ ಆಗಿದ್ದೀಯ ಅಂದರು. ಹೊಟ್ಟೆನೋವು ಅಂದೆ, ಓಮದ ಕಷಾಯ ಮಾಡಿಕೊಟ್ಟರು. ಮಕ್ಕಳು ಇಡೀ ವಾಕ್ಯ ಒಂದೇ ಸಲ ಹೇಳುವುದಿಲ್ಲ. ತುಂಡು ತುಂಡಾಗಿ ಹೇಳಿ ನಿಮ್ಮ ಮುಖ ನೋಡುತ್ತಾರೆ. ಆಗ "ಯಾಕೆ ಬೇಡ ಪುಟ್ಟಾ, ಅಲ್ಲಿ ಏನಾಗ್ತದೆ?" ಅಂತ ಯಾರಾದರೂ ಕೇಳಿ ಸುಮ್ಮನೆ ಕೂತಿದ್ದರೆ ನಾನು ಹೇಳುತ್ತಿದ್ದೆ.

ಉಡುಪಿ ಆಪ್ತಸಮಾಲೋಚಕಿ

ಬರೆದದ್ದಕ್ಕೆ ಧನ್ಯವಾದ ತಂಗಿ. ತಪ್ಪು ನಿನ್ನದಲ್ಲ. ಅವರನ್ನು ಇಷ್ಟಪಟ್ಟದ್ದೂ ತಪ್ಪಲ್ಲ. ಮಾತಾಡಬೇಕು ಅನಿಸಿದರೆ ಖಾಸಗಿಯಾಗಿ ಬರೆ.

ಉಳಿದವರಿಗೆ: ಮಗು ಹೇಳಿದ ಕ್ಷಣ ನಿಮ್ಮ ಮುಖದಲ್ಲಿ ಗಾಬರಿ ಕಾಣದಿರಲಿ. ನಂಬಿದ್ದೇನೆ ಅನ್ನಿ. ಹೇಳಿದ್ದು ಒಳ್ಳೆಯದಾಯಿತು ಅನ್ನಿ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ, ಹೇಳಲೇಬೇಕಾಗುತ್ತದೆ. ಮಗುವಿನ ಮಾತನ್ನು ಅದರ ಬಾಯಲ್ಲಿ ಬಂದ ಹಾಗೆಯೇ ಬರೆದಿಡಿ. ಚಿಕ್ಕಪ್ಪ, ಅಜ್ಜ, ಟೀಚರ್ ಎಲ್ಲರ ಮುಂದೆ ನಿಲ್ಲಿಸಿ ಮತ್ತೆ ಮತ್ತೆ ಹೇಳಿಸಬೇಡಿ. ಆರೋಪಿಯ ಮನೆಗೆ ನುಗ್ಗಬೇಡಿ, ಅವನಿಗೆ ಸಾಕ್ಷ್ಯ ಅಳಿಸಲು ಸಮಯ ಸಿಗುತ್ತದೆ. ಈಗಷ್ಟೇ ನಡೆದಿದ್ದರೆ ಮಗುವಿಗೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಹೋಗಿ. ಯಾವ ಆಸ್ಪತ್ರೆಯೂ ಪೊಲೀಸ್ ಕಾಗದ ತನ್ನಿ ಅಂತ ತುರ್ತು ಚಿಕಿತ್ಸೆ ತಡೆಯುವಂತಿಲ್ಲ.

ಬೈಂದೂರು ಪಂಚಾಯತ್

ಹಳ್ಳಿ ಕಡೆಯವರಿಗೆ ಒಂದು ದಾರಿ. ನಮ್ಮ ಜಿಲ್ಲೆಯ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ನಡೆದಿತ್ತು. ಈಗ ರಾಜ್ಯದ ಎಲ್ಲ ಗ್ರಾಮ ಪಂಚಾಯತ್‌ಗಳೂ ಮಕ್ಕಳು ತಮ್ಮ ತೊಂದರೆ ಹೇಳಿಕೊಳ್ಳುವ ಮಕ್ಕಳ ಗ್ರಾಮಸಭೆ ಮಾಡಬೇಕು. ಸುಮ್ನೆ ಬ್ಯಾನರ್ ಕಟ್ಟಿ, ಬಿಸ್ಕತ್ತು ಹಂಚಿ ಮುಗಿಸುವ ಕಡೆ ಪ್ರಯೋಜನ ಇಲ್ಲ. ಚೀಟಿಯಲ್ಲಿ ಹೆಸರಿಲ್ಲದೆ ಬರೆಯಲು ಬಿಡಿ. ಶಾಲೆಯ ಯಾವ ಜಾಗಕ್ಕೆ ಹೋಗಲು ಹೆದರಿಕೆ ಆಗುತ್ತದೆ ಎಂದು ಕೇಳಿ. ನಮ್ಮಲ್ಲಿ ಒಂದು ಶಾಲೆಯ ಮಕ್ಕಳು ಹಲವರು ಒಂದೇ ಜಾಗ ಬರೆದರು. ಹಿಂದಿನ ಸ್ಟೋರ್ ರೂಮ್. ಈಗ ಅದಕ್ಕೆ ಬೀಗ, ಕೀ ಆಫೀಸಿನಲ್ಲಿ. ಶಾಲೆಯಲ್ಲಿ ದೂರಿನ ಪೆಟ್ಟಿಗೆ ಇಟ್ಟರೆ ಅದರ ಕೀ ಹೆಡ್ ಮಾಸ್ಟ್ರೊಬ್ಬರ ಕೈಯಲ್ಲೇ ಇರಬಾರದು. ಹೊರಗಿನವರೊಬ್ಬರು ಜೊತೆಗಿರಬೇಕು.

ಉರ್ವದ ಅಮ್ಮ

ಸಭೆ ಮುಗಿಸಿ ಬಂದೆ. ಕದ್ರಿ ಅಪ್ಪನೂ ಜೊತೆಗೆ ಬಂದರು, ಅವರ ಮಗಳು ಅದೇ ಶಾಲೆ ಅಂತ ಇಲ್ಲಿಯೇ ಗೊತ್ತಾದದ್ದು.

ಮೊದಲು ಸ್ವಲ್ಪ ಬಿಸಿ ಆಯಿತು. ನಮ್ಮ ಶಿಕ್ಷಕರ ಮೇಲೆ ಅನುಮಾನವಾ ಅಂತ ಕೇಳಿದರು. ಕಾರ್ಕಳ ಟೀಚರ ಬುತ್ತಿಯ ವಿಷಯ ಹೇಳಿದೆ. ಒಬ್ಬರು ಹಿರಿಯ ಶಿಕ್ಷಕಿಯೇ ಎದ್ದು ನಿಂತು, ನಿಯಮ ಬರೆದು ಗೋಡೆಗೆ ಹಾಕಿದರೆ ನಮಗೂ ಒಳ್ಳೆಯದು ಅಂದರು. ಆಮೇಲೆ ಮಾತು ಸಲೀಸಾಯಿತು.

ಮಕ್ಕಳಿಗೆ ಖಾಸಗಿ ಮೆಸೇಜ್ ಇಲ್ಲ ಎಂಬುದಕ್ಕೆ ಒಪ್ಪಿದರು. ಸಂಗೀತದ ಕೋಣೆ, ಲ್ಯಾಬ್, ದೈಹಿಕ ಶಿಕ್ಷಣದ ಕೋಣೆಯ ಬಾಗಿಲುಗಳಿಗೆ ರಜೆಯಲ್ಲಿ ಗಾಜು ಹಾಕಿಸುತ್ತಾರೆ. ಕ್ರೀಡಾಕೂಟಕ್ಕೆ ಹೊರಗೆ ಹೋದರೆ ಇಬ್ಬರು ದೊಡ್ಡವರು, ಒಬ್ಬರು ಮಹಿಳೆ, ಮಲಗುವುದು ಬೇರೆ ಕೋಣೆಯಲ್ಲಿ. ವ್ಯಾನಿನಲ್ಲಿ ಕೊನೆಗೆ ಇಳಿಯುವ ಮಕ್ಕಳ ಪಟ್ಟಿ ಕೇಳಿದೆವು. ಯಾರ ಹತ್ತಿರವೂ ಇರಲಿಲ್ಲ. ಮಾಡಿಸುತ್ತೇವೆ ಅಂದಿದ್ದಾರೆ. ಮುಂದಿನ ಪಾಠಕ್ಕೆ ಹುಡುಗರೂ ಕೂರುತ್ತಾರೆ, ಶಿಕ್ಷಕರಿಗೂ ಬೇರೆ ತರಬೇತಿ ಉಂಟು. ಉಡುಪಿ ಮೇಡಂ, ನಿಮ್ಮ ನಂಬರ್ ಕೇಳಿದ್ದಾರೆ, ಖಾಸಗಿಯಾಗಿ ಕಳಿಸುತ್ತೀರಾ?

ಹಿಂದಿನ ಶಾಲೆಗೆ ಫೋನ್ ಮಾಡುವ ವಿಷಯಕ್ಕೆ ಮಾತ್ರ ಉತ್ತರ ಬರಲಿಲ್ಲ. ಅದು ಆಡಳಿತ ಮಂಡಳಿಗೆ ಬಿಟ್ಟದ್ದು ಅಂದರು. ಪೊಲೀಸ್ ಪರಿಶೀಲನೆ ಎಷ್ಟು ಜನರದ್ದು ಆಗಿದೆ ಎಂದು ಕೇಳಿದ್ದಕ್ಕೂ ಫೈಲ್ ನೋಡಬೇಕು ಅಂದರು. ಎರಡನ್ನೂ ಬರವಣಿಗೆಯಲ್ಲಿ ಕೇಳಿ, ಸಹಿ ಹಾಕಿ, ಸ್ವೀಕರಿಸಿದ ಸೀಲು ಹಾಕಿಸಿಕೊಂಡು ಬಂದಿದ್ದೇವೆ. ಹೊಸಬರು ಸೇರುವುದು ಜೂನ್‌ನಲ್ಲಿ. ಅದಕ್ಕೆ ಮೊದಲು ಮತ್ತೆ ಹೋಗುತ್ತೇವೆ. ಆ ಅರ್ಜಿಯ ಒಕ್ಕಣೆ ಬೇಕಾದವರು ಹೇಳಿ, ಶಾಲೆಯ ಹೆಸರು ತೆಗೆದು ಇಲ್ಲಿ ಹಾಕುತ್ತೇನೆ.

ಸುರತ್ಕಲ್ ವ್ಯಾನ್

ನನಗೆ ಬೇಕು ಅಕ್ಕ. ನಮ್ಮ ಚಾಲಕರ ಗುಂಪಿಗೂ ಹಾಕುತ್ತೇನೆ.